ಹೆಲ್ಸಿಂಕಿಯಿಂದ ಟೋಕಿಯೊಗೆ ಎಷ್ಟು ಹೊತ್ತು?

ಯಾವುದೇ ಎರಡು ಊರುಗಳ ಹೆಸರು ಕೊಟ್ಟು ನಡುವಿನ ವಿಮಾನದ ದಾರಿ ಎಷ್ಟು ಎಂದು ಅಂತರ್ಜಾಲವನ್ನು ಕೇಳಿದರೆ ಎರಡು ಅಂಕಿ ಸಿಗುತ್ತವೆ. ಒಂದು ಕಿಲೋಮೀಟರಿನದು, ಇನ್ನೊಂದು ಗಂಟೆಯದು. ಎರಡೂ ಅಕ್ಕಪಕ್ಕದಲ್ಲಿ ಒಂದೇ ಗಾತ್ರದ ಅಕ್ಷರದಲ್ಲಿ ಕೂತಿರುವುದರಿಂದ ಎರಡೂ ಒಂದೇ ಜಾತಿಯ ಸತ್ಯ ಅನ್ನಿಸುತ್ತದೆ. ಹಾಗೇನೂ ಇಲ್ಲ. ಮೊದಲನೆಯದು ಭೂಮಿಯ ಆಕಾರದಿಂದ ಬಂದದ್ದು. ಎರಡನೆಯದು ಚರಿತ್ರೆಯಿಂದ ಬಂದದ್ದು.

ಫಿನ್ಲೆಂಡಿನ ಹೆಲ್ಸಿಂಕಿ ಮತ್ತು ಜಪಾನಿನ ಟೋಕಿಯೊ ನಗರಗಳನ್ನು ತೆಗೆದುಕೊಳ್ಳಿ. ನಡುವಿನ ನೇರ ದೂರ ಸುಮಾರು 7,800 ಕಿಲೋಮೀಟರು. ನೂರು ವರ್ಷದ ಹಿಂದೆಯೂ ಅಷ್ಟೇ, ಇವತ್ತೂ ಅಷ್ಟೇ. ಗಂಟೆಯ ಲೆಕ್ಕ ಮಾತ್ರ ಬೇರೆ. 1983ರಲ್ಲಿ ಈ ಎರಡು ಊರುಗಳ ನಡುವೆ ಮೊದಲ ಬಾರಿಗೆ ಎಲ್ಲೂ ಇಳಿಯದೆ ಹೋದ ವಿಮಾನಕ್ಕೆ ಹದಿಮೂರು ಗಂಟೆ ಬೇಕಾಯಿತು. 2019ರಲ್ಲಿ ಅದೇ ಪಯಣಕ್ಕೆ ಒಂಬತ್ತೂವರೆ ಗಂಟೆ ಸಾಕಾಗಿತ್ತು. 2022ರ ಮಾರ್ಚಿನಲ್ಲಿ ಮತ್ತೆ ಹದಿಮೂರು. ಈ ನಲವತ್ತು ವರ್ಷದಲ್ಲಿ ವಿಮಾನಗಳು ಹಗುರವಾದವು, ಎಂಜಿನ್ನುಗಳು ಇಂಧನ ಉಳಿಸಲು ಕಲಿತವು, ಉಪಗ್ರಹಗಳು ದಾರಿ ತೋರಿಸತೊಡಗಿದವು. ಆದರೂ ಗಡಿಯಾರ ಹೊರಟಲ್ಲಿಗೇ ಬಂದು ನಿಂತಿತು.

ಕನ್ನಡದಲ್ಲಿ ದೂರವನ್ನು ಅಳೆಯಲು ಹಳೆಯ ಮಾತುಗಳು ಹಲವಿವೆ. ಗಾವುದ, ಹರದಾರಿ, ಕೂಗಳತೆ. ಹರದಾರಿ ಎಂದರೆ ಸುಮಾರು ಮೂರು ಮೈಲಿ ಎಂದು ನಿಘಂಟುಗಳು ಹೇಳುತ್ತವೆ. ಕೂಗಳತೆಗೆ ಮೈಲಿಯ ಲೆಕ್ಕವಿಲ್ಲ. ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವಷ್ಟು ದೂರ, ಅಷ್ಟೆ. ನಾವೂ ಈಗ ಹಾಗೆಯೇ ಮಾತಾಡುತ್ತೇವೆ. ಊರು ಎಷ್ಟು ದೂರ ಎಂದು ಪುಣೆಯಲ್ಲೋ ಹೈದರಾಬಾದಿನಲ್ಲೋ ಯಾರಾದರೂ ಕೇಳಿದರೆ ಕಿಲೋಮೀಟರು ಹೇಳುವುದಿಲ್ಲ, "ಒಂದು ರಾತ್ರಿ ಬಸ್ಸು" ಅನ್ನುತ್ತೇವೆ. ದೂರ ಎಂದರೆ ಹೊತ್ತು ಎಂದೇ ನಮ್ಮ ಲೆಕ್ಕ. ಆ ಹೊತ್ತನ್ನು ನಿಗದಿ ಮಾಡುವವರು ಯಾರು ಎನ್ನುವುದು ಬೇರೆ ಪ್ರಶ್ನೆ.

*

ಒಂದು ಗ್ಲೋಬ್ ತೆಗೆದುಕೊಂಡು ಹೆಲ್ಸಿಂಕಿಯಿಂದ ಟೋಕಿಯೊವರೆಗೆ ದಾರವನ್ನು ಬಿಗಿಯಾಗಿ ಎಳೆದು ನೋಡಿ. ಫಿನ್ಲೆಂಡಿನ ಗಡಿ ದಾಟಿದ ಕೂಡಲೆ ರಷ್ಯಾ ಶುರುವಾಗುತ್ತದೆ. ಅಲ್ಲಿಂದ ಜಪಾನ್ ಸಮುದ್ರ ಸಿಗುವ ತನಕ ದಾರದ ಕೆಳಗೆ ಹೆಚ್ಚುಕಡಿಮೆ ರಷ್ಯಾ ಒಂದೇ. ಲಂಡನ್, ಪ್ಯಾರಿಸ್, ಕೋಪನ್‌ಹೇಗನ್‌ಗಳಿಂದ ಟೋಕಿಯೊಗೆ ಎಳೆದರೂ ದಾರದ ಬಹುಪಾಲು ಸೈಬೀರಿಯಾದ ಮೇಲೆಯೇ ಬೀಳುತ್ತದೆ. ಯುರೋಪಿನಿಂದ ಜಪಾನಿಗೆ ಹತ್ತಿರದ ದಾರಿ ಎಂದರೆ ಅದು ಸೈಬೀರಿಯಾದ ದಾರಿ.

ನೆಲಕ್ಕೆ ಒಡೆಯರಿರುವಂತೆ ಅದರ ಮೇಲಿನ ಆಕಾಶಕ್ಕೂ ಒಡೆಯರಿದ್ದಾರೆ. 1919ರ ಪ್ಯಾರಿಸ್ ಒಪ್ಪಂದದಲ್ಲಿ ಈ ಮಾತು ಬಂತು. 1944ರಲ್ಲಿ ಶಿಕಾಗೊದಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳು ಸೇರಿ ನಾಗರಿಕ ವಿಮಾನಯಾನಕ್ಕೆ ಕಟ್ಟಳೆ ಬರೆದಾಗ ಮೊದಲ ವಿಧಿಯಾಗಿ ಇಟ್ಟದ್ದೂ ಇದನ್ನೇ: ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಅಧಿಕಾರ. ಒಂದು ದೇಶದ ವಿಮಾನ ಇನ್ನೊಂದು ದೇಶದ ಮೇಲೆ ಹಾದುಹೋಗುವುದು ಹಕ್ಕಲ್ಲ, ಅನುಮತಿ. ಆ ಅನುಮತಿಯನ್ನು ಎಲ್ಲರೂ ಎಲ್ಲರಿಗೂ ಒಮ್ಮೆಗೇ ಕೊಟ್ಟುಬಿಡೋಣ ಎಂದು ಅಲ್ಲೇ ಇನ್ನೊಂದು ಪ್ರತ್ಯೇಕ ಒಪ್ಪಂದವೂ ಆಯಿತು. ಭಾರತ ಅದಕ್ಕೆ ಸಹಿ ಹಾಕಿತು. ಸೋವಿಯತ್ ಒಕ್ಕೂಟ ಶಿಕಾಗೊ ಸಭೆಗೇ ಬರಲಿಲ್ಲ. ಸ್ಪೇನ್, ಪೋರ್ಚುಗಲ್, ಸ್ವಿಟ್ಜರ್ಲೆಂಡ್ ಬರುತ್ತಿವೆ ಎಂಬ ಕಾರಣ ಕೊಟ್ಟು, ಹೊರಟಿದ್ದ ತನ್ನ ನಿಯೋಗವನ್ನು ಕೊನೇ ಗಳಿಗೆಯಲ್ಲಿ ವಾಪಸು ಕರೆಸಿಕೊಂಡಿತು. ಹಾದುಹೋಗುವ ಸ್ವಾತಂತ್ರ್ಯದ ಒಪ್ಪಂದಕ್ಕೆ ರಷ್ಯಾ ಇವತ್ತಿಗೂ ಸೇರಿಲ್ಲ. ಮುಂದಿನ ಎಲ್ಲ ಕಥೆಯೂ ಆ ಖಾಲಿ ಕುರ್ಚಿಯಿಂದ ಶುರು.

*

ಸೈಬೀರಿಯಾ ಮುಚ್ಚಿದ್ದಾಗ ಯುರೋಪಿನಿಂದ ಜಪಾನಿಗೆ ಹೋಗಲು ಉಳಿದದ್ದು ದಕ್ಷಿಣದ ದಾರಿ. ಪಶ್ಚಿಮ ಏಷ್ಯಾ, ನಮ್ಮ ಉಪಖಂಡ, ಆಗ್ನೇಯ ಏಷ್ಯಾಗಳಲ್ಲಿ ಇಳಿಯುತ್ತ ಏರುತ್ತ ಹೋಗಬೇಕು. 1950ರ ದಶಕದ ಪ್ರೊಪೆಲ್ಲರ್ ವಿಮಾನಗಳಿಗೆ ಇದು ಐವತ್ತು ಗಂಟೆಗೂ ಮೀರಿದ ಪ್ರಯಾಣ. ಜೆಟ್ ವಿಮಾನ ಬಂದ ಮೇಲೂ ಈ ದಾರಿ ಬಹಳ ಕಾಲ ಉಳಿಯಿತು. ಜಪಾನ್ ಏರ್‌ಲೈನ್ಸ್ 1962ರಲ್ಲಿ ಇದಕ್ಕೆ ರೇಷ್ಮೆ ದಾರಿ ಎಂದು ಹೆಸರಿಟ್ಟು ತನ್ನ ವಿಮಾನಗಳನ್ನು ಓಡಿಸಿತು. ಈ ದಾರಿಯ ಎರಡು ನೆನಪು ನಮ್ಮ ಊರುಗಳಲ್ಲೂ ಉಳಿದಿವೆ. 1972ರ ಜೂನ್ 14ರಂದು ಟೋಕಿಯೊದಿಂದ ಲಂಡನ್ನಿಗೆ ಹೊರಟಿದ್ದ ಜಪಾನಿನ ಡಿಸಿ-8 ವಿಮಾನ ದೆಹಲಿಯಲ್ಲಿ ಇಳಿಯುವ ಮುನ್ನ ನೆಲಕ್ಕೆ ಬಿದ್ದು 80ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಲಂಡನ್ನಿನಿಂದ ಟೋಕಿಯೊಗೆ ಹೋಗುತ್ತಿದ್ದ ಅದೇ ಕಂಪನಿಯ ಇನ್ನೊಂದು ಡಿಸಿ-8 ಮುಂಬೈಯ ಸಾಂತಾಕ್ರೂಜ್ ಎಂದುಕೊಂಡು ಪಕ್ಕದ ಜುಹೂ ನಿಲ್ದಾಣದಲ್ಲಿ ಇಳಿದುಬಿಟ್ಟಿತು. ಜುಹೂವಿನ ರನ್‌ವೇ ಸಣ್ಣ ವಿಮಾನಗಳಿಗೆ ಮಾಡಿದ್ದು. ರನ್‌ವೇ ಮುಗಿದರೂ ವಿಮಾನ ನಿಲ್ಲಲಿಲ್ಲ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಲಂಡನ್ನಿಗೂ ಟೋಕಿಯೊಗೂ ನಡುವೆ ಜುಹೂ ಯಾಕೆ ಬಂತು ಎಂದು ಕೇಳಿದರೆ, ಸೈಬೀರಿಯಾದ ಬಾಗಿಲು ಇನ್ನೂ ಪೂರ್ತಿ ತೆರೆದಿರಲಿಲ್ಲ ಎನ್ನುವುದು ಉತ್ತರದ ಒಂದು ಭಾಗ.

ಇನ್ನೊಂದು ದಾರಿಯನ್ನು ಹುಡುಕಿದವರು ಸ್ಕ್ಯಾಂಡಿನೇವಿಯಾದವರು. 1957ರ ಫೆಬ್ರುವರಿ 24ರಂದು ಅವರ ಎಸ್‌ಎಎಸ್ ಕಂಪನಿ ಕೋಪನ್‌ಹೇಗನ್ನಿನಿಂದ ಉತ್ತರ ಧ್ರುವದ ಮೇಲೆ ಹಾದು, ಅಲಾಸ್ಕಾದ ಆಂಕರೇಜಿನಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೊ ತಲುಪುವ ಸೇವೆ ಆರಂಭಿಸಿತು. ಸೋವಿಯತ್ ನೆಲವನ್ನು ಮುಟ್ಟದೆ ಅದರ ತಲೆಯ ಮೇಲಿಂದ ಬಳಸಿಕೊಂಡು ಹೋಗುವ ದಾರಿ ಇದು. ಐವತ್ತು ಚಿಲ್ಲರೆ ಗಂಟೆಯ ಪ್ರಯಾಣ ಸುಮಾರು 32 ಗಂಟೆಗೆ ಇಳಿಯಿತು.

ಹಾಗೆ ಇಳಿಸಲು ದಿಕ್ಕಿನ ಕಲ್ಪನೆಯನ್ನೇ ಬದಲಿಸಬೇಕಾಯಿತು. ಕಾಂತದ ಉತ್ತರ ಧ್ರುವ ಆಗ ಕೆನಡಾದ ಹಿಮಪ್ರದೇಶದಲ್ಲಿತ್ತು. ಅದರ ಹತ್ತಿರ ಹೋದಂತೆ ದಿಕ್ಸೂಚಿಯ ಮುಳ್ಳು ಮುಂದಕ್ಕೆ ತೋರಿಸುವ ಬದಲು ಕೆಳಕ್ಕೆ ಬಾಗುತ್ತದೆ, ನಂಬುವ ಹಾಗಿಲ್ಲ. ಭೂಗೋಳದ ಧ್ರುವದಲ್ಲಿ ರೇಖಾಂಶಗಳೆಲ್ಲ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಅಲ್ಲಿ ನಿಂತರೆ ಸುತ್ತಲೂ ದಕ್ಷಿಣವೇ. ಹಾಗಾಗಿ ನಕ್ಷೆಯ ಮೇಲೆ ಗ್ರೀನಿಚ್ ರೇಖೆಗೆ ಸಮಾನಾಂತರವಾಗಿ ಚೌಕಳಿ ಗೆರೆಗಳನ್ನು ಎಳೆದು, ಒಂದು ಕೃತಕ ಉತ್ತರವನ್ನು ಕಲ್ಪಿಸಿಕೊಂಡು, ಹೊರಗಿನ ಕಾಂತದ ಹಂಗಿಲ್ಲದೆ ತಿರುಗುವ ಗೈರೊ ಉಪಕರಣವನ್ನು ಅದಕ್ಕೆ ಹೊಂದಿಸಿ ಹಾರಿದರು. ನಡುವೆ ನಕ್ಷತ್ರ ಅಥವಾ ಸೂರ್ಯನನ್ನು ನೋಡಿ ಲೆಕ್ಕ ಸರಿಪಡಿಸಿಕೊಳ್ಳುತ್ತಿದ್ದರು. ಹಿಮದ ಮೇಲೆ ಇಳಿಯಬೇಕಾಗಿ ಬಂದರೆ ಇರಲಿ ಎಂದು ಚಳಿಯ ಉಡುಪುಗಳೂ ವಿಮಾನದಲ್ಲಿದ್ದವು.

ಬೇಗನೆ ಬೇರೆ ಕಂಪನಿಗಳೂ ಈ ದಾರಿ ಹಿಡಿದವು. ಆಂಕರೇಜ್ ಎಂಬ ಸಣ್ಣ ಊರು ಯುರೋಪಿಗೂ ಜಪಾನಿಗೂ ನಡುವಿನ ಹೊಸ್ತಿಲಾಯಿತು. ಅಲ್ಲಿ ಯಾರೂ ಊರು ನೋಡಲು ಇಳಿಯುತ್ತಿರಲಿಲ್ಲ. ವಿಮಾನಕ್ಕೆ ಇಂಧನ ತುಂಬುವ ತನಕ ನಿಲ್ದಾಣದೊಳಗೆ ಓಡಾಡಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಸತ್ತ ಹಿಮಕರಡಿಯನ್ನು ನೋಡಿ, ಜಪಾನೀಯರಾದರೆ ಅಲ್ಲಿದ್ದ ಊದೋನ್ ಅಂಗಡಿಯಲ್ಲಿ ಒಂದು ಬಟ್ಟಲು ಬಿಸಿ ಶ್ಯಾವಿಗೆ ಸಾರು ಕುಡಿದು ಮತ್ತೆ ವಿಮಾನ ಹತ್ತುತ್ತಿದ್ದರು. ಒಂದು ತಲೆಮಾರಿನ ಜಪಾನೀಯರಿಗೆ ವಿದೇಶ ಪ್ರಯಾಣದ ನೆನಪೆಂದರೆ ಆ ಸಾರಿನ ವಾಸನೆ.

ಸೋವಿಯತ್ ಬಾಗಿಲು ಅಷ್ಟರಲ್ಲಿ ಒಂದಿಷ್ಟು ಸರಿದಿತ್ತು. 1967ರಲ್ಲಿ ಜಪಾನ್ ಏರ್‌ಲೈನ್ಸ್ ಮತ್ತು ಸೋವಿಯತ್ತಿನ ಏರೊಫ್ಲಾಟ್ ಸೇರಿ ಮಾಸ್ಕೋ–ಟೋಕಿಯೊ ಸೇವೆ ಆರಂಭಿಸಿದವು. ವಿಮಾನ ಸೋವಿಯತ್ತಿನ ಟಿಯು-114, ಮೈಮೇಲೆ ಎರಡೂ ಕಂಪನಿಗಳ ಹೆಸರು. 1970ರಲ್ಲಿ ಜಪಾನ್ ತನ್ನದೇ ವಿಮಾನವನ್ನು ಮಾಸ್ಕೋ ಮೂಲಕ ಯುರೋಪಿಗೆ ಓಡಿಸಿತು. ಷರತ್ತು ಮಾತ್ರ ಇತ್ತು: ಮಾಸ್ಕೋದಲ್ಲಿ ಇಳಿದೇ ಹೋಗಬೇಕು. ಎಷ್ಟು ವಿಮಾನ, ಯಾರ ವಿಮಾನ ಎನ್ನುವುದೂ ಅವರ ಲೆಕ್ಕ. ಉಳಿದವರಿಗೆ ಆಂಕರೇಜೇ ಗತಿ.

*

ಬಳಸು ದಾರಿಗೆ ಹೊತ್ತಿನ ಬೆಲೆ ಮಾತ್ರವಲ್ಲ, ಪ್ರಾಣದ ಬೆಲೆಯೂ ಇತ್ತು.

1978ರ ಏಪ್ರಿಲ್ 20ರಂದು ಪ್ಯಾರಿಸ್ಸಿನಿಂದ ಆಂಕರೇಜ್ ಮೂಲಕ ಸೋಲ್ ನಗರಕ್ಕೆ ಹೊರಟ ಕೊರಿಯನ್ ಏರ್‌ಲೈನ್ಸ್ ವಿಮಾನ 902 ಧ್ರುವದ ಹತ್ತಿರ ದಿಕ್ಕು ತಪ್ಪಿತು. ಅದರಲ್ಲಿ ಕಾಂತದ ಹಂಗಿಲ್ಲದ ಹೊಸ ಮಾರ್ಗದರ್ಶಿ ಉಪಕರಣ ಇರಲಿಲ್ಲ. ದಿಕ್ಸೂಚಿಯ ತಿದ್ದುಪಡಿಯ ಲೆಕ್ಕದಲ್ಲಾದ ತಪ್ಪಿನಿಂದ ವಿಮಾನ ದೊಡ್ಡ ಅರ್ಧಚಂದ್ರದಂತೆ ತಿರುಗಿ, ಅಲಾಸ್ಕಾದ ಬದಲು ಸೋವಿಯತ್ತಿನ ಮುರ್ಮಾನ್ಸ್ಕ್ ಕಡೆಗೆ ಹೊರಟಿತು. ಯುದ್ಧವಿಮಾನ ಕ್ಷಿಪಣಿ ಹಾರಿಸಿತು, ರೆಕ್ಕೆಯ ತುದಿ ಹಾರಿಹೋಯಿತು. ಪೈಲಟ್ ಹೇಗೋ ಹೆಪ್ಪುಗಟ್ಟಿದ ಸರೋವರವೊಂದರ ಮೇಲೆ ವಿಮಾನವನ್ನು ಇಳಿಸಿದ. 109 ಜನರಲ್ಲಿ ಇಬ್ಬರು ಸತ್ತರು, ಉಳಿದವರು ಬದುಕಿದರು.

ಐದು ವರ್ಷದ ಬಳಿಕ ಅಂಥ ಅದೃಷ್ಟ ಇರಲಿಲ್ಲ. 1983ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕಿನಿಂದ ಬಂದು, ಆಂಕರೇಜಿನಲ್ಲಿ ಇಂಧನ ತುಂಬಿಸಿಕೊಂಡು ಸೋಲ್‌ಗೆ ಹೊರಟ ಅದೇ ಕಂಪನಿಯ ವಿಮಾನ 007ರಲ್ಲಿ 269 ಜನ ಇದ್ದರು. ಸೋವಿಯತ್ ಗಡಿಯ ಪಕ್ಕದಲ್ಲೇ ಪೆಸಿಫಿಕ್ ಸಾಗರದ ಮೇಲೆ ಇಳಿಯುವ ದಾರಿ ಅದು. ವಿಮಾನ ಹೊರಟ ಸ್ವಲ್ಪ ಹೊತ್ತಿಗೇ ಸಣ್ಣ ಕೋನದಲ್ಲಿ ಬಲಕ್ಕೆ ಸರಿಯಿತು. ಆ ಸಣ್ಣ ಕೋನ ಗಂಟೆಗಂಟೆಗೂ ಬೆಳೆದು ಕೊನೆಗೆ ದಾರಿಯಿಂದ 500 ಕಿಲೋಮೀಟರಿಗೂ ಹೆಚ್ಚು ಆಚೆ ಒಯ್ದಿತ್ತು. ವಿಮಾನ ಕಮ್ಚಾಟ್ಕಾ ದಾಟಿತು, ಸಖಾಲಿನ್ ದ್ವೀಪದ ಮೇಲೆ ಬಂತು. ಅಲ್ಲಿ ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದು ಸಮುದ್ರಕ್ಕೆ ಬೀಳಿಸಿತು. ಒಬ್ಬರೂ ಉಳಿಯಲಿಲ್ಲ. ಸಮುದ್ರದ ತಳದಲ್ಲಿ ಸಿಕ್ಕಿದ ಧ್ವನಿಮುದ್ರಣ ಪೆಟ್ಟಿಗೆಗಳನ್ನು ಸೋವಿಯತ್ ಸರಕಾರ ಬಚ್ಚಿಟ್ಟಿತು. ಅವು ಹೊರಬಂದದ್ದು ಒಕ್ಕೂಟವೇ ಒಡೆದುಹೋದ ಮೇಲೆ. ಅವನ್ನು ಕೇಳಿ, ಓದಿ 1993ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಕೊಟ್ಟ ವರದಿ ಬಹಳ ಸಾದಾ ಕಾರಣ ಹೇಳಿತು: ಆಟೋಪೈಲಟ್ ಮಾರ್ಗದರ್ಶಿ ಉಪಕರಣಕ್ಕೆ ಜೋಡಣೆಯಾಗದೆ, ಒಂದೇ ದಿಕ್ಕಿಗೆ ಹೋಗುತ್ತಿರು ಎಂಬ ಸ್ಥಿತಿಯಲ್ಲೇ ಉಳಿದಿತ್ತು. ಪೈಲಟ್‌ಗಳು ಅದನ್ನು ಗಮನಿಸಲಿಲ್ಲ.

ಈ ಸಾವುಗಳಿಂದ ಎರಡು ಸಂಗತಿಗಳಾದವು. ಅಮೆರಿಕದ ಸೈನ್ಯ ಕಟ್ಟುತ್ತಿದ್ದ ಜಿಪಿಎಸ್ ವ್ಯವಸ್ಥೆ ಮುಗಿದ ಮೇಲೆ ನಾಗರಿಕ ವಿಮಾನಗಳಿಗೂ ಸಿಗುತ್ತದೆ ಎಂದು ಅಧ್ಯಕ್ಷ ರೇಗನ್ ಸರಕಾರ ಅದೇ ತಿಂಗಳು ಘೋಷಿಸಿತು. 1984ರ ಮೇ ತಿಂಗಳಲ್ಲಿ ಶಿಕಾಗೊ ಒಪ್ಪಂದಕ್ಕೆ ಹೊಸ ವಿಧಿ ಸೇರಿತು: ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ದೇಶಗಳು ಆಯುಧ ಬಳಸಕೂಡದು. ನಲವತ್ತು ವರ್ಷ ಹಳೆಯ ಒಪ್ಪಂದದಲ್ಲಿ ಅಷ್ಟು ಸ್ಪಷ್ಟವಾಗಿ ಅದನ್ನು ಬರೆದಿರಲಿಲ್ಲ. ಬರೆಯುವ ಅಗತ್ಯವಿದೆ ಎಂದು ತಿಳಿಯಲು 269 ಜನ ಸಾಯಬೇಕಾಯಿತು.

*

ಅದೇ 1983ರ ಏಪ್ರಿಲ್ 22ರಂದು ಫಿನ್‌ಏರ್ ಕಂಪನಿ ಹೆಲ್ಸಿಂಕಿಯಿಂದ ಟೋಕಿಯೊಗೆ ತನ್ನ ಮೊದಲ ನೇರ ವಿಮಾನವನ್ನು ಕಳಿಸಿತ್ತು. ಪಶ್ಚಿಮ ಯುರೋಪಿನಿಂದ ಜಪಾನಿಗೆ ಎಲ್ಲೂ ಇಳಿಯದೆ ಹೋದ ಮೊದಲ ಸೇವೆ ಅದು. ನೇರ ಎಂದರೆ ನಿಲ್ಲದೆ ಎಂದಷ್ಟೇ ಅರ್ಥ. ಹೆಚ್ಚಿನ ಇಂಧನದ ತೊಟ್ಟಿ ಕೂರಿಸಿದ ಆ ಡಿಸಿ-10 ಉತ್ತರಕ್ಕೆ ಹೋಗಿ, ಧ್ರುವ ದಾಟಿ, ಬೇರಿಂಗ್ ಜಲಸಂಧಿಯ ಮೇಲೆ ಪೆಸಿಫಿಕ್ಕಿಗೆ ಇಳಿದು ಜಪಾನ್ ತಲುಪುತ್ತಿತ್ತು. ರಷ್ಯಾದ ಜೊತೆ 1,300 ಕಿಲೋಮೀಟರಿಗೂ ಹೆಚ್ಚು ಉದ್ದದ ಗಡಿ ಹಂಚಿಕೊಂಡ ದೇಶದ ವಿಮಾನ ಆ ಗಡಿಯನ್ನು ದಾಟದೆ, ಅರ್ಧ ಜಗತ್ತು ಬಳಸಿ ಆಚೆ ತುದಿಗೆ ಹೋಗುತ್ತಿತ್ತು. ಧ್ರುವ ದಾಟಿದ ಪ್ರಯಾಣಿಕರಿಗೆ ಒಂದೊಂದು ಪ್ರಮಾಣಪತ್ರವನ್ನೂ ಕೊಡುತ್ತಿದ್ದರು.

1980ರ ದಶಕದ ಎರಡನೆಯ ಅರ್ಧದಲ್ಲಿ ಸೋವಿಯತ್ ಒಕ್ಕೂಟ ಮಾಸ್ಕೋದಲ್ಲಿ ಇಳಿಯದೆ ಸೈಬೀರಿಯಾ ದಾಟಲು ಒಂದೊಂದೇ ಕಂಪನಿಗೆ ಬಿಡತೊಡಗಿತು. 1991ರ ನಂತರ ಬಾಗಿಲು ಅಗಲವಾಗಿ ತೆರೆಯಿತು. ಆಂಕರೇಜಿನ ಊದೋನ್ ಅಂಗಡಿಯ ಗಿರಾಕಿಗಳು ಕರಗಿದರು. ಆ ನಿಲ್ದಾಣ ಇವತ್ತು ಬದುಕಿರುವುದು ಮುಖ್ಯವಾಗಿ ಸರಕು ವಿಮಾನಗಳಿಂದ.

ತೆರೆದ ಬಾಗಿಲಿನಲ್ಲಿ ಸುಂಕದ ಕಟ್ಟೆಯೂ ಇತ್ತು. ಸೈಬೀರಿಯಾ ದಾಟುವ ವಿದೇಶಿ ಕಂಪನಿಗಳು ಏರೊಫ್ಲಾಟಿಗೆ ಹಣ ಕಟ್ಟಬೇಕು. ತನ್ನ ಪ್ರತಿಸ್ಪರ್ಧಿಗೆ ತಾನೇ ಕಪ್ಪ ಕೊಡುವ ಹಾಗೆ. ಯುರೋಪಿನ ಕಂಪನಿಗಳು ಹೀಗೆ ಕಟ್ಟುತ್ತಿದ್ದ ಮೊತ್ತ ವರ್ಷಕ್ಕೆ 30 ಕೋಟಿ ಯೂರೊ ಮೀರಿತ್ತು. ಇದನ್ನು 2013ರೊಳಗೆ ನಿಲ್ಲಿಸುವುದೆಂದು 2006ರಲ್ಲಿ ಮಾತಾಯಿತು, ನಿಲ್ಲಲಿಲ್ಲ. ಬೈದುಕೊಂಡೇ ಎಲ್ಲರೂ ಕಟ್ಟಿದರು. ಯಾಕೆಂದರೆ ಉಳಿಯುವ ನಾಲ್ಕು ಗಂಟೆಗೆ ಅದಕ್ಕಿಂತ ಹೆಚ್ಚು ಬೆಲೆ ಇತ್ತು.

ಆ ಬೆಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಫಿನ್ಲೆಂಡಿನವರು. ಹೆಲ್ಸಿಂಕಿ ಯುರೋಪಿನ ಒಂದು ಮೂಲೆಯ ಊರು. ಆದರೆ ಗ್ಲೋಬಿನ ಮೇಲೆ ದಾರ ಎಳೆದರೆ ಯುರೋಪಿನಿಂದ ಪೂರ್ವ ಏಷ್ಯಾಕ್ಕೆ ಹೋಗುವ ದಾರಿಯಲ್ಲೇ ಕೂತಿದೆ. ಒಂಬತ್ತೂವರೆ ಗಂಟೆಯಲ್ಲಿ ಟೋಕಿಯೊ ಎಂದರೆ, ಹೋಗಿ, ಪ್ರಯಾಣಿಕರನ್ನು ಇಳಿಸಿ ಹತ್ತಿಸಿ, ಅದೇ ವಿಮಾನ 24 ಗಂಟೆಯೊಳಗೆ ಮನೆಗೆ ಬಂದು ಮರುದಿನ ಅದೇ ಹೊತ್ತಿಗೆ ಮತ್ತೆ ಹೊರಡಬಹುದು. ಒಂದು ಮಾರ್ಗಕ್ಕೆ ಒಂದೇ ವಿಮಾನ ಸಾಕು. ಐವತ್ತೈದು ಲಕ್ಷ ಜನಸಂಖ್ಯೆಯ ದೇಶದ ಕಂಪನಿಯೊಂದು ಏಷ್ಯಾದ ಊರೂರಿಗೆ ವಿಮಾನ ಬಿಟ್ಟು ಬೆಳೆದದ್ದು ಈ ಸರಳ ಲೆಕ್ಕದಿಂದ. ಜಪಾನಿನಲ್ಲಿ ಅವರು ಮಾರಿದ್ದೂ ಇದನ್ನೇ: ನಮ್ಮಲ್ಲಿಂದ ಯುರೋಪು ಹತ್ತಿರ.

*

2022ರ ಫೆಬ್ರುವರಿ 24ರಂದು ರಷ್ಯಾದ ಸೈನ್ಯ ಉಕ್ರೇನಿನೊಳಗೆ ನುಗ್ಗಿತು. ಎಸ್‌ಎಎಸ್‌ನ ಧ್ರುವ ಮಾರ್ಗಕ್ಕೆ ಅಂದಿಗೆ ಸರಿಯಾಗಿ 65 ವರ್ಷ. ನಾಲ್ಕೇ ದಿನದಲ್ಲಿ ಯುರೋಪು ರಷ್ಯಾದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು, ರಷ್ಯಾ ಮರುಉತ್ತರವಾಗಿ 36 ದೇಶಗಳಿಗೆ ತನ್ನ ಆಕಾಶ ಮುಚ್ಚಿತು. ಆಗಷ್ಟೇ ಕೋವಿಡ್‌ನಿಂದ ಮೇಲೇಳುತ್ತಿದ್ದ ಫಿನ್‌ಏರ್‌ನ ನಲವತ್ತು ವರ್ಷದ ಲೆಕ್ಕ ಒಂದು ವಾರದಲ್ಲಿ ತಲೆಕೆಳಗಾಯಿತು.

ಮಾರ್ಚ್ 9ರಂದು ಅವರು ಟೋಕಿಯೊ ಸೇವೆಯನ್ನು ಮತ್ತೆ ಆರಂಭಿಸಿದರು. ಹಳೆಯ ದಾರಿಯನ್ನೇ ಹುಡುಕಿ ತೆಗೆದರು. ಗಾಳಿ ನೋಡಿಕೊಂಡು ಒಮ್ಮೆ ಧ್ರುವದ ಮೇಲೆ, ಒಮ್ಮೆ ದಕ್ಷಿಣಕ್ಕೆ ಬಳಸಿ ಕಜಾಕಸ್ತಾನ, ಚೀನಾ, ಕೊರಿಯಾಗಳ ಮೇಲೆ. ಧ್ರುವದ ದಾರಿ ಸುಮಾರು 12,900 ಕಿಲೋಮೀಟರು, ಇಂಧನ ನಲವತ್ತು ಪ್ರತಿಶತ ಹೆಚ್ಚು, ಹೊತ್ತು ಹದಿಮೂರು ಗಂಟೆ. ಒಂದೇ ವಿಮಾನದ 24 ಗಂಟೆಯ ಲೆಕ್ಕ ಮುರಿಯಿತು. ಹೆಚ್ಚಾದ ವಿಮಾನಗಳನ್ನು ಬೇರೆ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟರು, ಕೆಲಸಗಳು ಹೋದವು. ಧ್ರುವ ದಾಟಿದವರಿಗೆ ಪ್ರಮಾಣಪತ್ರ ಕೊಡುವ 1983ರ ಪದ್ಧತಿಯೂ ಮರಳಿ ಬಂತು. ಅಜ್ಜನಿಗೆ ಸಿಕ್ಕಿದ್ದ ಕಾಗದ ಮೊಮ್ಮಗನಿಗೂ ಸಿಕ್ಕಿತು.

ಟೋಕಿಯೊದಿಂದ ಲಂಡನ್ನಿಗೆ ಹೋಗುವ ಜಪಾನಿನ ವಿಮಾನಗಳು ಈಗ ಪೂರ್ವಕ್ಕೆ ಹೊರಟು ಅಲಾಸ್ಕಾ, ಗ್ರೀನ್‌ಲೆಂಡ್ ದಾಟಿ ಹೋಗುತ್ತವೆ. ಬರುವಾಗಲೂ ಪೂರ್ವಕ್ಕೇ, ಮಧ್ಯ ಏಷ್ಯಾದ ಮೇಲೆ. ಹೋಗಿ ಬಂದವರು ತಿಳಿಯದೆಯೇ ಭೂಮಿಗೆ ಒಂದು ಪ್ರದಕ್ಷಿಣೆ ಹಾಕಿರುತ್ತಾರೆ. ಚೀನಾದ ಕಂಪನಿಗಳಿಗೆ ಮಾತ್ರ ಸೈಬೀರಿಯಾ ತೆರೆದೇ ಇದೆ. ಬೀಜಿಂಗ್ ಮತ್ತು ಲಂಡನ್ ನಡುವೆ ಅವರದು ನೇರ ದಾರಿ, ಬ್ರಿಟಿಷ್ ಏರ್‌ವೇಸ್‌ನದು ಬಳಸು ದಾರಿ. 2024ರ ಅಕ್ಟೋಬರಿನಲ್ಲಿ ಬ್ರಿಟಿಷ್ ಏರ್‌ವೇಸ್ ಬೀಜಿಂಗ್ ಸೇವೆಯನ್ನು ನಿಲ್ಲಿಸಿತು. ಒಂದೇ ಎರಡು ಊರು, ಒಂದೇ ದಿನ, ಆದರೆ ಯಾವ ದೇಶದ ಬಾವುಟ ಬಾಲದ ಮೇಲಿದೆ ಎನ್ನುವುದರ ಮೇಲೆ ದೂರ ಬೇರೆ ಬೇರೆ.

*

ಇದು ಬೇರೆಯವರ ಕಥೆ ಎಂದು ಸುಮ್ಮನಿರುವ ಹಾಗಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಧ್ರುವದ ದಾರಿಯಲ್ಲಿ ನಿಲ್ಲದೆ ಹಾರಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಸುಮಾರು 14,000 ಕಿಲೋಮೀಟರು, ಹದಿನೇಳು ಗಂಟೆ. ಧ್ರುವದಿಂದ ನಮ್ಮ ಕಡೆಗೆ ಇಳಿಯುವ ನೇರ ದಾರಿ ರಷ್ಯಾದ ಮೇಲೆಯೇ ಬರುತ್ತದೆ, ಭಾರತದ ವಿಮಾನಕ್ಕೆ ಆ ಆಕಾಶ ತೆರೆದಿತ್ತು. 2022ರ ನಂತರವೂ ತೆರೆದೇ ಉಳಿಯಿತು. ಅದರ ಇನ್ನೊಂದು ಮುಖ 2023ರ ಜೂನಿನಲ್ಲಿ ಕಂಡಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ದೂರದ ಪೂರ್ವದಲ್ಲಿರುವ ಮಗದಾನ್ ಎಂಬಲ್ಲಿ ಇಳಿಯಬೇಕಾಯಿತು. 216 ಪ್ರಯಾಣಿಕರು ಹಾಸ್ಟೆಲು, ಶಾಲೆಗಳಲ್ಲಿ ಕಾದು, ಬೇರೆ ವಿಮಾನ ಬಂದ ಮೇಲೆ ಹೊರಟರು.

ನಮ್ಮ ಪಕ್ಕದಲ್ಲೇ ಇನ್ನೊಂದು ಸೈಬೀರಿಯಾ ಇದೆ. 2019ರ ಫೆಬ್ರುವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ಏರ್ ಇಂಡಿಯಾ ಒಂದಕ್ಕೇ ಆದ ನಷ್ಟ 491 ಕೋಟಿ ರೂಪಾಯಿ ಎಂದು ಸರಕಾರ ರಾಜ್ಯಸಭೆಗೆ ತಿಳಿಸಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಬಳಿಕ, ಮತ್ತೆ ಮುಚ್ಚಿತು. ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯತೊಡಗಿದವು. ಇಂಡಿಗೊ ತನ್ನ ದೆಹಲಿ–ತಾಷ್ಕೆಂಟ್ ಸೇವೆಯನ್ನೇ ನಿಲ್ಲಿಸಿತು. ಪಾಕಿಸ್ತಾನವನ್ನು ಬಳಸಿ ಹೋಗುವಷ್ಟು ದೂರ ಅದರ ಸಣ್ಣ ವಿಮಾನಗಳಿಗೆ ಎಟುಕುವುದಿಲ್ಲ. ದೆಹಲಿಯಲ್ಲಿರುವ ಓದುಗರು ಒಮ್ಮೆ ಗ್ಲೋಬಿನ ಮೇಲೆ ದಾರ ಹಿಡಿದು ನೋಡಬೇಕು. ದೆಹಲಿಯಿಂದ ಬೆಂಗಳೂರು ಸುಮಾರು 1,700 ಕಿಲೋಮೀಟರು. ತಾಷ್ಕೆಂಟ್ ಸುಮಾರು 1,600. ಊರಿಗಿಂತ ತಾಷ್ಕೆಂಟೇ ಹತ್ತಿರ. ಊರಿಗೆ ದಿನಕ್ಕೆ ಹತ್ತಾರು ವಿಮಾನ.

ಕೂಗಳತೆ ಎನ್ನುವ ಮಾತನ್ನು ಮೊದಲು ಬಳಸಿದವರು ಆಕಾಶದ ಒಪ್ಪಂದಗಳನ್ನು ಕಂಡವರಲ್ಲ. ಆದರೂ ಆ ಅಳತೆಯಲ್ಲಿ ಕೂಗುವವರ ಗಂಟಲು ಒಂದೇ ಇಲ್ಲ, ಆಚೆ ಕಡೆ ಕೇಳಿಸಿಕೊಂಡು ಓಗೊಡುವವರೂ ಇದ್ದಾರೆ. ಅವರು ಓಗೊಡದ ದಿನ ಆಚೆ ದಡ ದೂರವೇ. ಹೆಲ್ಸಿಂಕಿಗೆ ಟೋಕಿಯೊ ನಲವತ್ತು ವರ್ಷದಲ್ಲಿ ಒಮ್ಮೆ ಹತ್ತಿರವಾಗಿ ಮತ್ತೆ ದೂರವಾದದ್ದು ಹೀಗೆ. 7,800 ಎಂಬ ಅಂಕಿ ಮಾತ್ರ ಈಗಲೂ ಅಲ್ಲೇ ಇದೆ, ಯಾರಾದರೂ ಕೇಳಿದರೆ ಹೇಳುತ್ತದೆ.